ಹಿತ್ತಾಳೆಯ ವಿಶಿಷ್ಟೋಷ್ಣ 380ರ ಬದಲು 312 ಬಂದಿದೆ, ಎಲ್ಲಿ ತಪ್ಪಿದೆ?

ಪ್ರಥಮ ಪಿಯುಸಿ ಲ್ಯಾಬಿನ ಮಿಶ್ರಣ ವಿಧಾನ, ಬೆಂಗಳೂರಿನ ಕಾಲೇಜು. 100 ಗ್ರಾಂ ಹಿತ್ತಾಳೆ ಗುಂಡನ್ನು ಕುದಿಯುವ ನೀರಲ್ಲಿ ಕಾಯಿಸಿ (100 ಡಿಗ್ರಿ ಎಂದು ಬರೆದುಕೊಂಡೆವು), 50 ಗ್ರಾಂ ತಾಮ್ರದ ಕ್ಯಾಲರಿಮೀಟರಿನಲ್ಲಿದ್ದ (ಉಷ್ಣ ಅಳೆಯುವ ಪಾತ್ರೆ) 28 ಡಿಗ್ರಿಯ 100 ಗ್ರಾಂ ನೀರಿಗೆ ಬಿಟ್ಟಾಗ ತಾಪ 33ಕ್ಕೇರಿತು. ಲೆಕ್ಕ ಹಾಕಿದರೆ ವಿಶಿಷ್ಟೋಷ್ಣ (ಒಂದು ಕೆ.ಜಿ.ಯ ತಾಪವನ್ನು ಒಂದು ಡಿಗ್ರಿ ಏರಿಸಲು ಬೇಕಾದ ಉಷ್ಣ) 312 ಜೂಲ್. ಜೊತೆಗೆ ಇನ್ನೊಂದು: ನೀರಿಗೆ 4186 ಇರುವಾಗ ಲೋಹಕ್ಕೆ ಇಷ್ಟು ಕಡಿಮೆ ಏಕೆ? ಗೊತ್ತಿರುವವರು ತಿಳಿಸಿ.

—

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು 97ರ ಆಸುಪಾಸಿನಲ್ಲಿ. ಕುದಿಯುವ ನೀರಿಗೂ ಥರ್ಮಾಮೀಟರ್ ಇಟ್ಟು, ಬಂದದ್ದನ್ನೇ ಬರೆಯಿರಿ. ತಾಮ್ರದ ಪಾತ್ರೆ ಹೀರಿದ ಉಷ್ಣವನ್ನೂ ಬಿಟ್ಟಿದ್ದೀರಿ: 50 × 0.385 × 5 = 96 ಜೂಲ್ (0.385 ಎಂದರೆ ಗ್ರಾಮಿಗೆ ತಾಮ್ರದ ವಿಶಿಷ್ಟೋಷ್ಣ). ನೀರು ಪಡೆದ 2093ಕ್ಕೆ ಅದನ್ನು ಸೇರಿಸಿ, 100 × (97 − 33)ರಿಂದ ಭಾಗಿಸಿದರೆ ಗ್ರಾಮಿಗೆ 0.342, ಅಂದರೆ ಕೆ.ಜಿ.ಗೆ 342 ಬರುತ್ತದೆ.

—

ಉಳಿದ ಅಂತರಕ್ಕೆ ಅರ್ಧ ಡಿಗ್ರಿ ಸಾಕು. ಕೊನೆಯ ತಾಪ 33.5 ಆಗಿದ್ದರೆ ಉತ್ತರ 379! ಗುಂಡಿನ ತಾಪ 64 ಡಿಗ್ರಿ ಇಳಿದರೂ ನೀರಿನದು ಏರುವುದು ಐದೂವರೆ ಮಾತ್ರ. ಈ ಪ್ರಯೋಗದ ಪ್ರಾಣ ಇರುವುದು ಆ ಸಣ್ಣ ಏರಿಕೆಯಲ್ಲಿ. ಒಂದೊಂದೇ ಡಿಗ್ರಿಯ ಗೆರೆಗಳಿರುವ ಥರ್ಮಾಮೀಟರ್ ಇದಕ್ಕೆ ಸಾಲದು, 0.1 ಅಥವಾ 0.2ರ ಗೆರೆಗಳಿರುವುದನ್ನು ಕೇಳಿ ಪಡೆಯಿರಿ. ಗುಂಡನ್ನು ದಾರದಲ್ಲಿ ಕಟ್ಟಿ, ಕ್ಯಾಲರಿಮೀಟರನ್ನು ಪಕ್ಕದಲ್ಲೇ ಇಟ್ಟುಕೊಂಡು ಒಂದೆರಡು ಸೆಕೆಂಡಿನಲ್ಲಿ ವರ್ಗಾಯಿಸಿ. ಮುಚ್ಚಳ ಹಾಕಿ, ಕಲಕುತ್ತಾ, ತಾಪ ಏರಿ ನಿಲ್ಲುವ ಗರಿಷ್ಠ ಅಂಕಿಯನ್ನೇ ಓದಿ. ಆದರೆ ಅವಸರದಲ್ಲಿ ಗುಂಡಿಗಂಟಿದ ಬಿಸಿನೀರನ್ನು ಮರೆಯಬೇಡಿ: ಒಂದು ಗ್ರಾಂ ನೀರು ಜೊತೆಗೆ ಬಂದರೂ ಸುಮಾರು 266 ಜೂಲ್ ಹೆಚ್ಚುವರಿ, ಉತ್ತರ ಶೇಕಡಾ 11ರಷ್ಟು ಮೇಲೇರುತ್ತದೆ. ಎತ್ತುವಾಗಲೇ ಒಮ್ಮೆ ಒದರಿ. ಹಿಪ್ಸೋಮೀಟರ್ (ಆವಿಯಿಂದ ಕಾಯಿಸುವ ಪಾತ್ರೆ) ಇದ್ದರೆ ಈ ತಲೆನೋವೇ ಇಲ್ಲ, ಗುಂಡು ಒಣಗಿದ್ದಂತೆಯೇ ಕಾಯುತ್ತದೆ.

ನೀರನ್ನು ಕೋಣೆಯ ತಾಪಕ್ಕಿಂತ ಎರಡು ಮೂರು ಡಿಗ್ರಿ ತಣ್ಣಗೆ ಮಾಡಿ ಶುರುಮಾಡಿ. ಮೊದಲರ್ಧದಲ್ಲಿ ಹೊರಗಿನಿಂದ ಬಂದ ಉಷ್ಣವೂ ಕೊನೆಗೆ ಹೊರಹೋಗುವುದೂ ಬಹುಮಟ್ಟಿಗೆ ಸರಿದೂಗುತ್ತವೆ.

—

ಎರಡನೇ ಪ್ರಶ್ನೆಗೆ: ಗ್ರಾಂ ಬಿಟ್ಟು ಮೋಲ್‌ನಲ್ಲಿ ನೋಡಿ. ಒಂದು ಮೋಲ್ ಎಂದರೆ ಯಾವ ಲೋಹದಲ್ಲೂ ಅಷ್ಟೇ ಸಂಖ್ಯೆಯ ಪರಮಾಣುಗಳು. ಒಂದು ಮೋಲಿನ ಗ್ರಾಂ ತೂಕವನ್ನು ಗ್ರಾಮಿನ ವಿಶಿಷ್ಟೋಷ್ಣದಿಂದ ಗುಣಿಸಿದರೆ: ತಾಮ್ರ 63.5 × 0.385 = 24.4. ಅಲ್ಯೂಮಿನಿಯಂ 27 × 0.9 = 24.3. ಸೀಸ 207 × 0.128 = 26.5. ಎಲ್ಲವೂ 25 ಜೂಲಿನ ಹತ್ತಿರ! ಫ್ರೆಂಚ್ ವಿಜ್ಞಾನಿಗಳಾದ ಡುಲಾಂಗ್ ಮತ್ತು ಪೆಟಿ 1819ರಲ್ಲಿ ಕಂಡುಕೊಂಡ ನಿಯಮವಿದು. ಉಷ್ಣ ಹಂಚಿಹೋಗುವುದು ಪರಮಾಣುಗಳ ಲೆಕ್ಕದಲ್ಲಿ. ಭಾರದ ಪರಮಾಣುಗಳಾದರೆ ಒಂದು ಗ್ರಾಮಿನಲ್ಲಿ ಅವುಗಳ ಸಂಖ್ಯೆ ಕಡಿಮೆ, ಹಾಗಾಗಿ ಬೇಕಾದ ಉಷ್ಣವೂ ಕಡಿಮೆ. ನೀರಿನ 18 ಗ್ರಾಮಿನಲ್ಲೇ ಮೂರು ಮೋಲ್ ಪರಮಾಣುಗಳಿವೆ. ಅಲ್ಲದೆ ಕೊಟ್ಟ ಉಷ್ಣದ ಒಂದು ಪಾಲು ಅಣುಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸಲು ಹೋಗುತ್ತದೆ.

—

ಇನ್ನೊಂದು ಮಾತು: ತಾಪದ ವ್ಯತ್ಯಾಸಕ್ಕೆ 273 ಕೂಡಿಸಬೇಡಿ. 5 ಡಿಗ್ರಿ ಸೆಲ್ಸಿಯಸ್ ಏರಿಕೆಯೆಂದರೆ 5 ಕೆಲ್ವಿನ್ ಏರಿಕೆಯೇ.