ಚಿಕ್ಕ ಮಕ್ಕಳ ನಡುವೆ ಹೆಣಿಗೆ ಕಲಿಯುವುದು ಹೇಗೆ?

ಪ್ರಶ್ನೆ (ಬದಿಯಡ್ಕ): ನನಗೆ ನಾಲ್ಕು ಮತ್ತು ಒಂದೂವರೆ ವರ್ಷದ ಮಕ್ಕಳಿದ್ದಾರೆ. ಹೆಣಿಗೆ ಕಲಿಯುವ ಆಸೆ ಬಹಳವಿದೆ. ಆದರೆ ಕುಳಿತ ಕೂಡಲೇ ಚಿಕ್ಕವಳು ನೂಲೆಳೆದು ಕುಣಿಕೆಗಳನ್ನು ಕಡ್ಡಿಯಿಂದ ಜಾರಿಸಿಬಿಡುತ್ತಾಳೆ. ಯಾವುದರಿಂದ ಆರಂಭಿಸಲಿ?

ಉತ್ತರ (ಕುಂಬಳೆ): ಅಕ್ಕಾ, ಎರಡು ಕಡ್ಡಿಗಳನ್ನು ಪ್ಲಾಸ್ಟಿಕ್ ವಯರಿನಿಂದ ಜೋಡಿಸಿರುವ ಬಗೆಯದನ್ನು ಕೊಳ್ಳಿರಿ. ಏಳಬೇಕಾದಾಗ ಕುಣಿಕೆಗಳನ್ನೆಲ್ಲ ವಯರಿನ ಮಧ್ಯಕ್ಕೆ ಸರಿಸಿಟ್ಟರೆ ಅವು ಸುಲಭವಾಗಿ ಜಾರುವುದಿಲ್ಲ.

ಉತ್ತರ (ಮಂಜೇಶ್ವರ): ನಮ್ಮ ಕರಾವಳಿಯ ಸೆಕೆಗೆ ಸ್ವೆಟರಿಗಿಂತ ಹತ್ತಿ ನೂಲಿನ ಕೈಬಟ್ಟೆಯೇ ಹೆಚ್ಚು ಉಪಯುಕ್ತ. 4 ಮಿ.ಮೀ. ಕಡ್ಡಿಯಲ್ಲಿ 30 ಕುಣಿಕೆ ಹಾಕಿ, ಪ್ರತಿ ಸಾಲಿನಲ್ಲೂ ನೇರ ಹೆಣಿಗೆಯನ್ನೇ (ನೂಲನ್ನು ಹಿಂದಿಟ್ಟುಕೊಂಡು ಕಡ್ಡಿಯನ್ನು ಕುಣಿಕೆಯ ಮುಂದಿನಿಂದ ಹಿಂದಕ್ಕೆ ತೂರಿಸಿ ಹೆಣೆಯುವ ಮೂಲ ಹೆಣಿಗೆ) ಹೆಣೆಯುತ್ತಾ ಹೋದರೆ ಅಂಚು ಸುರುಳಿಯಾಗುವುದಿಲ್ಲ, ಮಧ್ಯೆ ಎದ್ದು ಹೋದರೂ ಲೆಕ್ಕ ತಪ್ಪುವ ಭಯ ಕಡಿಮೆ. ತಿಳಿಬಣ್ಣದ ನೂಲನ್ನೇ ಆರಿಸಿ. ರಾತ್ರಿಯ ದೀಪದಲ್ಲೂ ಕುಣಿಕೆಗಳು ಸ್ಪಷ್ಟವಾಗಿ ಕಾಣುತ್ತವೆ.

ಉತ್ತರ (ಪೆರ್ಲ): ಉದ್ದನೆಯ ನೂಲು ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿರುವುದರಿಂದ, ಕೆಲಸ ನಿಲ್ಲಿಸಿದೊಡನೆ ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಎತ್ತರದಲ್ಲಿಡಿ.