ಮಾಸ್ಕೋ ವಿಚಾರಣೆಗಳ ತಪ್ಪೊಪ್ಪಿಗೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಹಳೇರೇಡಿಯೋ:
1936ರಿಂದ 1938ರವರೆಗೆ ಮಾಸ್ಕೋದಲ್ಲಿ ನಡೆದ ಮೂರು ಬಹಿರಂಗ ವಿಚಾರಣೆಗಳ ಬಗ್ಗೆ ಓದುತ್ತಿದ್ದೇನೆ. ಲೆನಿನ್ ಜೊತೆ ಕೆಲಸ ಮಾಡಿದ್ದ ದೊಡ್ಡ ದೊಡ್ಡ ನಾಯಕರೇ ವಿದೇಶಿ ಪತ್ರಕರ್ತರ ಎದುರು ಎದ್ದು ನಿಂತು, ನಾವು ಗಡೀಪಾರಾಗಿದ್ದ ಸ್ಟಾಲಿನ್ ವಿರೋಧಿ ಟ್ರಾಟ್ಸ್ಕಿ ಜೊತೆ ಸೇರಿ ಸಂಚು ಮಾಡಿದ್ದೆವು, ಗೂಢಚಾರಿಕೆ ಮಾಡಿದ್ದೆವು ಅಂತ ಒಬ್ಬರಾದ ಮೇಲೊಬ್ಬರು ಒಪ್ಪಿಕೊಂಡಿದ್ದಾರೆ. ಅಮೆರಿಕದ ರಾಯಭಾರಿ ಜೋಸೆಫ್ ಡೇವಿಸ್ ಸ್ವತಃ ವಕೀಲ. ಅವನೂ ಕೋರ್ಟಿನಲ್ಲಿ ಕೂತು ನೋಡಿ ನಂಬಿದ. ಹೊಡೆಸಿ ಹೇಳಿಸಿದ್ದು, ಎಲ್ಲಾ ಸುಳ್ಳು ಅಂತ ಒಂದೇ ಮಾತಲ್ಲಿ ತಳ್ಳಿಹಾಕಬಹುದಾ? ಇಷ್ಟು ಜನ ಒಂದೇ ಕಥೆ ಹೇಳಿದ್ದಾರಲ್ಲ, ಅದಕ್ಕೆ ಬೆಲೆ ಇಲ್ವಾ?

ಕಡತಪ್ರಿಯ:
ಒಂದೇ ಕಥೆ ಹೇಳಿದ್ದೇ ಅನುಮಾನಕ್ಕೆ ಕಾರಣ. ತನಿಖೆ ಮಾಡಿದವರೂ ಒಬ್ಬರೇ, ಹೇಳಿಕೆ ಬರೆಸಿದವರೂ ಒಬ್ಬರೇ, ಸೋವಿಯತ್ ರಹಸ್ಯ ಪೊಲೀಸರಾದ ಎನ್‌ಕೆವಿಡಿ. ಹಾಗಾಗಿ ಹತ್ತು ಹೇಳಿಕೆ ಇದ್ದರೂ ಅದು ಹತ್ತು ಸಾಕ್ಷಿ ಆಗುವುದಿಲ್ಲ.

ಅವರ ಕೈಗೆ ಸಿಗದ ಊರಿನಲ್ಲಿ ಏನಾಯಿತು ಅಂತ ನೋಡಿ. 1936ರಲ್ಲಿ ಗೋಲ್ಟ್ಸ್‌ಮನ್ ಎಂಬ ಆರೋಪಿ, 1932ರ ನವೆಂಬರಿನಲ್ಲಿ ಟ್ರಾಟ್ಸ್ಕಿ ಮಗ ಸೆದೋವ್‌ನನ್ನು ಕೋಪನ್‌ಹೇಗನ್‌ನ ಬ್ರಿಸ್ಟಲ್ ಹೋಟೆಲಿನಲ್ಲಿ ಭೇಟಿಯಾದೆ ಅಂದ. ಆ ಹೋಟೆಲನ್ನು 1917ರಲ್ಲೇ ಕೆಡವಿದ್ದರು! ಅದೇ ಹೆಸರಿನ ಮಿಠಾಯಿ ಅಂಗಡಿ ಒಂದಿತ್ತು, ಗೊಂದಲ ಆಗಿರಬೇಕು ಅಂತ ಇವತ್ತಿಗೂ ಸಮರ್ಥಿಸುವವರಿದ್ದಾರೆ. ಆದರೆ ಸೆದೋವ್ ಆ ದಿನಗಳಲ್ಲಿ ಬರ್ಲಿನ್ ಬಿಟ್ಟು ಹೋಗಿರಲೇ ಇಲ್ಲ.

1937ರ ಜನವರಿಯಲ್ಲಿ ಪ್ಯಾತಕೋವ್ ಸರದಿ. 1935ರ ಡಿಸೆಂಬರಿನಲ್ಲಿ ಬರ್ಲಿನ್‌ನಿಂದ ವಿಮಾನದಲ್ಲಿ ಓಸ್ಲೋಗೆ ಹೋಗಿ ಟ್ರಾಟ್ಸ್ಕಿಯನ್ನು ಕಂಡೆ ಅಂದ. ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ ನಾರ್ವೆ ಪತ್ರಿಕೆಗಳು ಬರೆದವು: ಆ ತಿಂಗಳು ಅಲ್ಲಿನ ಷೆಲ್ಲರ್ ನಿಲ್ದಾಣದಲ್ಲಿ ವಿದೇಶಿ ವಿಮಾನ ಒಂದೂ ಇಳಿದಿಲ್ಲ. ಆಗ ಸರ್ಕಾರಿ ವಕೀಲ ವಿಶಿನ್ಸ್ಕಿ ಏನು ಮಾಡಿದ ಗೊತ್ತಾ? ಆ ನಿಲ್ದಾಣದಲ್ಲಿ ಚಳಿಗಾಲದಲ್ಲೂ ವಿಮಾನ ಇಳಿಯಬಹುದು ಅಂತ ಒಂದು ಪತ್ರ ಓದಿದ. ಇಳಿಯಬಹುದು, ಅಷ್ಟೇ! ಇಳಿಯಿತು ಅಂತ ಅಲ್ಲ.

ಕಟಕಟೆ:
ನಾನು ಲಾಯರ್, ನನ್ನ ಕಣ್ಣಿಗೆ ಬೀಳುವುದು ಬೇರೆ. ನಮ್ಮ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಪ್ರಕಾರ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿರಲಿಲ್ಲ. ಹೊಸ ಕಾನೂನಿನಲ್ಲೂ ಅದೇ ಇದೆ. ಆದರೆ 27ನೇ ಕಲಂ ಒಂದು ಕಿಂಡಿ ಬಿಟ್ಟಿತ್ತು. ಆರೋಪಿ ಹೇಳಿದ್ದರಿಂದ ಏನಾದರೂ ವಸ್ತು ಸಿಕ್ಕಿದರೆ, ಆ ಮಾತಿನಲ್ಲಿ ಅದಕ್ಕೆ ನೇರ ಸಂಬಂಧಪಟ್ಟ ಭಾಗ ಮಾತ್ರ ಸಾಕ್ಷಿ. ಈ ಅಳತೆಗೋಲನ್ನೇ ಮಾಸ್ಕೋಗೆ ಹಿಡಿಯಿರಿ. ವರ್ಷಗಟ್ಟಲೆ ನಡೆದ ಅಷ್ಟು ದೊಡ್ಡ ಸಂಚು ಅಂದರು, ಟ್ರಾಟ್ಸ್ಕಿ ಪತ್ರ ಕಳಿಸಿದ ಅಂದರು. ಅಂಥ ಒಂದು ಪತ್ರವನ್ನಾದರೂ ಕೋರ್ಟಿಗೆ ತಂದರಾ? ಇಲ್ಲ. ಸುಟ್ಟುಹಾಕಿದೆವು ಅಂತ ಆರೋಪಿಗಳೇ ಹೇಳಿದರಂತೆ, ಎಷ್ಟು ಅನುಕೂಲ!

ಹಳೇರೇಡಿಯೋ:
ಸರಿ, ಆದರೆ ಸಾವು ಖಚಿತ ಅಂತ ಗೊತ್ತಿದ್ದವನು ಕೋರ್ಟಿನಲ್ಲಿ ಕೂಗಿ ಹೇಳಬಹುದಿತ್ತಲ್ವಾ?

ಕಡತಪ್ರಿಯ:
ಒಬ್ಬ ಹೇಳಿದ. 1938ರ ಮಾರ್ಚ್ 2ರಂದು, ಮೂರನೇ ವಿಚಾರಣೆಯಲ್ಲಿ, ಆರೋಪಿ ಕ್ರೆಸ್ಟಿನ್ಸ್ಕಿ ಎದ್ದು ನಾನು ತಪ್ಪು ಮಾಡಿಲ್ಲ, ತನಿಖೆಯಲ್ಲಿ ಕೊಟ್ಟ ಹೇಳಿಕೆ ಸುಳ್ಳು ಅಂದ. ಮಾರನೇ ದಿನ ಬಂದು ಎಲ್ಲಾ ಒಪ್ಪಿಕೊಂಡ. ಆ ರಾತ್ರಿ ಏನಾಗಿರಬಹುದು ನೀವೇ ಊಹಿಸಿ.

ಇನ್ನು ಸಾವು ಖಚಿತ ಅಂತ ಎಲ್ಲರಿಗೂ ಗೊತ್ತಿರಲಿಲ್ಲ. 1936ರ ಆರೋಪಿಗಳಾದ ಝಿನೋವಿಯೆವ್, ಕಾಮೆನೆವ್‌ಗೆ ಜೀವ ಉಳಿಸುವ ಆಸೆ ತೋರಿಸಿದ್ದರು. ಹೆಂಡತಿ ಮಕ್ಕಳು ಅವರ ಕೈಯಲ್ಲೇ ಇದ್ದರು. 12 ವರ್ಷದ ಮಕ್ಕಳಿಗೂ ದೊಡ್ಡವರ ಹಾಗೆ ಶಿಕ್ಷೆ ಕೊಡುವ ಕಾನೂನು 1935ರಲ್ಲೇ ಬಂದಿತ್ತು. ಹೊಡೆತದ ವಿಷಯಕ್ಕೆ ಬಂದರೆ, 1939ರ ಜನವರಿ 10ರ ಸ್ಟಾಲಿನ್ ತಂತಿಯೇ ಇದೆ: ದೈಹಿಕ ಒತ್ತಡಕ್ಕೆ 1937ರಿಂದ ಕೇಂದ್ರ ಸಮಿತಿಯ ಅನುಮತಿ ಇದೆ ಅಂತ. 1956ರಲ್ಲಿ, ಸ್ಟಾಲಿನ್ ಸತ್ತ ಮೇಲೆ ಬಂದ ನಾಯಕ ಕ್ರುಶ್ಚೇವ್ ಅದನ್ನು ಓದಿ ಹೇಳಿದ.

1938ರ ಇನ್ನೊಬ್ಬ ಆರೋಪಿ ಬುಖಾರಿನ್‌ದು ಇನ್ನೊಂದು ಥರ. ಒಟ್ಟಾರೆ ತಪ್ಪಿತಸ್ಥ ಅಂತ ಒಪ್ಪಿಕೊಂಡ, ಆದರೆ ಗೂಢಚಾರಿಕೆ ಮತ್ತು ಲೆನಿನ್ ಕೊಲೆಯ ಸಂಚನ್ನು ಖಡಾಖಂಡಿತವಾಗಿ ನಿರಾಕರಿಸಿದ. ಆರೋಪಿಯ ತಪ್ಪೊಪ್ಪಿಗೆ ಅನ್ನುವುದು ಮಧ್ಯಯುಗದ ನ್ಯಾಯಪದ್ಧತಿ ಅಂತ ಕೊನೆಯ ಮಾತಿನಲ್ಲಿ ಅಂದೇಬಿಟ್ಟ. ಅದಕ್ಕೂ ಮೊದಲು, 1937ರ ಡಿಸೆಂಬರ್ 10ರಂದು, ಜೈಲಿನಿಂದ ಸ್ಟಾಲಿನ್‌ಗೆ ಖಾಸಗಿ ಪತ್ರ ಬರೆದು, ತನಿಖೆಯಲ್ಲಿ ಒಪ್ಪಿಕೊಂಡ ಅಪರಾಧಗಳನ್ನು ನಾನು ಮಾಡಿಲ್ಲ ಅಂದಿದ್ದ.

ಬೆಟ್ಟದಹೂವು:
ಹಾಗಂತ ಪೂರ್ತಿ ಕಸದಬುಟ್ಟಿಗೆ ಹಾಕಬೇಡಿ. 1980ರಲ್ಲಿ ಹಾರ್ವರ್ಡ್‌ನಲ್ಲಿದ್ದ ಟ್ರಾಟ್ಸ್ಕಿ ಕಡತಗಳು ತೆರೆದುಕೊಂಡಾಗ, 1932ರಲ್ಲಿ ಸ್ಟಾಲಿನ್ ವಿರೋಧಿಗಳ ಒಂದು ಸಡಿಲ ಒಕ್ಕೂಟ ನಿಜಕ್ಕೂ ಇತ್ತು ಅಂತ ಇತಿಹಾಸಕಾರ ಪಿಯೆರ್ ಬ್ರೂಯೆ ತೋರಿಸಿದ. ಗೋಲ್ಟ್ಸ್‌ಮನ್ ಸೆದೋವ್‌ನನ್ನು ಭೇಟಿಯಾದದ್ದೂ ನಿಜವೇ, ಆದರೆ ಬರ್ಲಿನ್‌ನಲ್ಲಿ. ಸೆದೋವ್‌ನೇ ಅದನ್ನು ಬರೆದಿದ್ದಾನೆ. ಸುದ್ದಿ, ಟೀಕೆ ಹಂಚಿಕೊಳ್ಳುವ ಸಂಪರ್ಕ ಇತ್ತು. ಅದರ ಮೇಲೆ ಕೊಲೆ, ನಾಜಿಗಳು, ವಿಷ ಎಲ್ಲಾ ಹೊಲಿದರು. ಹಾಗಾಗಿ ಸಾಲು ಸಾಲಾಗಿ ಬಿಡಿಸಿ ನೋಡಬೇಕು. ಸಂಪರ್ಕದ ಭಾಗಕ್ಕೆ ಹೊರಗಿನ ಕಾಗದ ಇದೆ, ಕೊಲೆ ಸಂಚಿನ ಭಾಗಕ್ಕೆ ಇಲ್ಲ.

ಅಂದಹಾಗೆ ಈ ಮೂರು ವಿಚಾರಣೆಗಳಲ್ಲಿ ನಿಂತವರು ಒಟ್ಟು 54 ಜನ. 1937-38ರಲ್ಲಿ ಗುಂಡಿಗೆ ಬಲಿಯಾದವರು 6,80,000ಕ್ಕೂ ಜಾಸ್ತಿ. ಹೆಚ್ಚಿನವರಿಗೆ ಬಹಿರಂಗ ಕೋರ್ಟ್ ಇರಲಿಲ್ಲ, ವಕೀಲನೂ ಇರಲಿಲ್ಲ. ಅವರ ಹೇಳಿಕೆಗಳನ್ನು ಓದುವಾಗ ನಾನಂತೂ ಆರೋಪಿಯ ಬಗ್ಗೆ ಅಲ್ಲ, ಬರೆಸಿಕೊಂಡವರಿಗೆ ಆ ತಿಂಗಳು ಏನು ಬೇಕಾಗಿತ್ತು ಅಂತ ನೋಡುತ್ತೇನೆ. ಅದಕ್ಕೆ ಮಾತ್ರ ಅವು ಒಳ್ಳೆಯ ಪುರಾವೆ.