ಅಜ್ಜ ಬಿಡಿಸಿದ ನಕ್ಷೆಯನ್ನು ಕಂಪ್ಯೂಟರ್‌ಗೆ ಏರಿಸಬೇಕಾ, ಬೇಡವಾ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಮಾನವ ಭೂಗೋಳ ಓದಿದವಳು. ನಾಲ್ಕು ತಿಂಗಳಿಂದ ವಿಶ್ವವಿದ್ಯಾಲಯವೊಂದರ ಸಂಶೋಧನಾ ತಂಡದಲ್ಲಿದ್ದೇನೆ. ನೀರು, ಮೀನು, ಗಾಳಿ ಬಗ್ಗೆ ಅಲ್ಲೇ ಬದುಕುವವರಿಗೆ ಏನು ಗೊತ್ತು, ಹೇಗೆ ಗೊತ್ತಾಯಿತು ಅಂತ ಬರೆದಿಡುವುದು ನಮ್ಮ ಕೆಲಸ.

ಕಳೆದ ವಾರ ಮೀನು ಹಿಡಿಯುವ ಅಜ್ಜ ಒಬ್ಬರ ಮುಂದೆ ಉಪಗ್ರಹ ಚಿತ್ರ ಹರಡಿದೆ. ಅವರು ಅದನ್ನು ಮಗುಚಿ ಹಾಕಿ, ಖಾಲಿ ಬೆನ್ನಿನ ಮೇಲೆ ತಾವೇ ಹೊಳೆ ಬಿಡಿಸಿದರು. ಒಂದು ಬಂಡೆ ಅರ್ಧ ಹಾಳೆ ತಿಂದಿತ್ತು, ಆಚೆ ದಡ ಒಂದು ಗೆರೆ ಅಷ್ಟೇ. ಎಷ್ಟು ದೂರ ಅಜ್ಜಾ ಅಂದರೆ, "ಹುಟ್ಟು ಹಾಕಿ ಹಾಕಿ ಬಲಗೈ ಸೋಲಬೇಕು, ಅಷ್ಟು." ಆಮೇಲೆ ಹೇಳಿದರು: ಗಳ ಊರಿದಾಗ ಸದ್ದಿಲ್ಲದೆ ಇಳಿದರೆ ಕೆಸರು. ಕಿರ್ ಅಂದರೆ ಜಲ್ಲಿ. ಕಿರ್ ಅನ್ನೋ ಕಡೆ ಮೀನು ಮೊಟ್ಟೆ ಇಡುತ್ತದೆ. ಹಾಗೆನ್ನುತ್ತಾ ಹಾಳೆಯ ಮೇಲೆ ಮೂರು ಕಡೆ ಸುತ್ತು ಹಾಕಿದರು.

ನನ್ನ ಶೀಟ್‌ನಲ್ಲಿರುವುದು ಅಕ್ಷಾಂಶ, ರೇಖಾಂಶ. ಕಿರ್ ಅನ್ನುವುದಕ್ಕೆ ಜಾಗವೇ ಇಲ್ಲ! ಮೂರೂ ಜಾಗದ ಜಿಪಿಎಸ್ ತಗೊಂಡು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು, ದುಡ್ಡು ಕೊಟ್ಟವರ ನಿಯಮ ಅಂತ ನಮ್ಮ ತಂಡದ ಮೇಡಂ ಹೇಳುತ್ತಾರೆ. ಅಜ್ಜ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ, ನಿಜ. ಆದರೆ ಅವರು ಹೇಳಿದ್ದು ನನಗೆ, ಇಂಟರ್ನೆಟ್‌ಗಲ್ಲ ಅಲ್ವಾ?

ಹಳೇನಕ್ಷೆ:
ಹಾಕಬೇಡಿ. ಹಿಂದೆ ನಾನಿದ್ದ ತಂಡ ಹೀಗೇ ಚುಕ್ಕಿ ಹಾಕಿ ಪ್ರಕಟಿಸಿತು. ಮುಂದಿನ ವರ್ಷ ಹೋದರೆ ಎಲ್ಲಿಂದಲೋ ಬಂದವರ ಬಲೆಗಳು ಅಲ್ಲಿದ್ದವು. ನಮಗೆ ದಾರಿ ತೋರಿಸಿದ್ದವರು ಮಾತಾಡಿಸಲೂ ಇಲ್ಲ.

ಸಹಿ ಮಾಡಿಸಿದ್ದು ಮಾತುಕತೆಗೆ. ಜಾಗ ತೋರಿಸುವುದಕ್ಕೆ ಬೇರೆಯೇ ಕೇಳಬೇಕು. ಅಪರೂಪದ ಗಿಡ, ಪ್ರಾಣಿಗಳ ದಾಖಲೆಯಲ್ಲಿ ನಿಖರ ಜಾಗ ಮುಚ್ಚಿಟ್ಟು ದೊಡ್ಡ ಚೌಕ ಮಾತ್ರ ತೋರಿಸುವುದು ಮಾಮೂಲು. ನೀವೂ ಹಾಗೇ ಮಾಡಿ. ಮೇಡಂ ಒಪ್ಪದಿದ್ದರೆ 2019ರ ಕೇರ್ ತತ್ವಗಳನ್ನು ತೋರಿಸಿ. ಮೂಲನಿವಾಸಿಗಳ ಮಾಹಿತಿಗಾಗಿ ಮಾಡಿದ್ದು ಅದು. ಮಾಹಿತಿ ಯಾರದೋ, ಅದರ ಮೇಲಿನ ಹಿಡಿತವೂ ಅವರದೇ ಅನ್ನುತ್ತದೆ.

ಅಳತೆಪಟ್ಟಿ:
ಅದೆಲ್ಲ ಸರಿ. ಅಜ್ಜ ಹೇಳಿದ್ದು ನಿಜವೇ ಅಂತ ಯಾರಾದರೂ ನೋಡಿದಿರಾ? ಹಿರಿಯರು ಹೇಳಿದ್ದೆಲ್ಲ ಜ್ಞಾನ ಅಂದುಕೊಂಡರೆ ಸಂಶೋಧನೆ ಯಾಕೆ ಬೇಕು?

ಹಳೇನಕ್ಷೆ:
ನೋಡಲೇಬೇಕು. ಆದರೆ ತಪ್ಪು ಯಾವ ಕಡೆಯೂ ಇರಬಹುದು. 1977ರಲ್ಲಿ ಬೋಹೆಡ್ ತಿಮಿಂಗಿಲ ಕಡಿಮೆಯಾಗಿವೆ ಅಂತ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಲಾಸ್ಕಾದವರ ಬೇಟೆ ನಿಲ್ಲಿಸಲು ಹೊರಟಿತು. ಹಿಮದ ಅಂಚಲ್ಲಿ ಕೂತು, ತೆರೆದ ನೀರಲ್ಲಿ ಕಂಡದ್ದನ್ನು ಎಣಿಸುವುದು ಆಗಿನ ಕ್ರಮ. ಅಲ್ಲಿನ ಮೂಲನಿವಾಸಿಗಳಾದ ಇನುಪಿಯಾಟ್ ಬೇಟೆಗಾರರು ಹೇಳಿದ್ದು ಇಷ್ಟೇ: ಅವು ಹಿಮದ ಅಡಿಯಲ್ಲೂ ಹೋಗುತ್ತವೆ, ನಿಮಗೆ ಕಾಣಲ್ಲ. ಆಮೇಲೆ ನೀರೊಳಗೆ ಮೈಕ್ ಇಳಿಬಿಟ್ಟು ಕೇಳಿದರು. ಬೇಟೆಗಾರರ ಮಾತೇ ಸರಿ, ಲೆಕ್ಕ ಜಾಸ್ತಿಯಾಯಿತು. ಅಲ್ಲೂ ಗೊತ್ತಾಗಿದ್ದು ಕಿವಿಯಿಂದಲೇ ನೋಡಿ.

ಅಳತೆಪಟ್ಟಿ:
ಇದು ಗೊತ್ತಿರಲಿಲ್ಲ. ಆದರೂ ಗಳ ಹಿಡಿದು ನೀವೇ ಒಮ್ಮೆ ಊರಿ ನೋಡಿ.

ಹೊಳೆದಂಡೆ:
ಊರಿದೆ! ನಿನ್ನೆ ಅವರ ದೋಣಿಯಲ್ಲೇ ಹೋದೆ. ಮೊದಲೆರಡು ಸುತ್ತಿನಲ್ಲಿ ಕಿರ್ ಅಂತು, ಅಂಗೈಗೇ ತಿಳಿಯುತ್ತದೆ. ಮೂರನೆಯದರ ಹತ್ತಿರ ಅವರು ದೋಣಿ ಬಿಡಲೇ ಇಲ್ಲ. ಅಲ್ಲಿ ಸುಳಿ ಇದೆಯಂತೆ. ತಮ್ಮನ ದೋಣಿ ಮಗುಚಿದ್ದೂ ಅಲ್ಲೇ. ನಾನು ಸುಮ್ನೆ ಮೂರೂ ಒಂದೇ ಅಂದುಕೊಂಡಿದ್ದೆ. ಕೇಳಿರಲಿಲ್ಲ.

ದೊಡ್ಡ ಚೌಕದ ನಕ್ಷೆ ತೋರಿಸಿದಾಗ ನಕ್ಕರು. "ಇಷ್ಟರಲ್ಲಿ ಹುಡುಕ್ತಾರಾ? ಹುಡುಕಲಿ ಬಿಡು." ಆದರೆ ಸುಳಿಯ ಜಾಗ ಮಾತ್ರ ಸರಿಯಾಗಿ ಹಾಕು, ಎಲ್ಲರಿಗೂ ಕಾಣಲಿ ಅಂದರು. ಶೀಟ್‌ಗೆ "ಸದ್ದು" ಅಂತ ಒಂದು ಕಾಲಂ ಸೇರಿಸಿದ್ದೇನೆ. ಮೇಡಂ ಇನ್ನೂ ನೋಡಿಲ್ಲ.